ಹಳೆಯ ಮೀನುಗಾರಿಕೆ ದೋಣಿಯನ್ನು ವಿಹಾರಕ್ಕೆ ಬಳಸಬಹುದೇ? ಮಾಲೀಕನ ಹೊಣೆ ಏನೇನು?

ಪ್ರಶ್ನೆ: ಹೊಳೆಸಾಲಿನವ

ಎಲ್ಲರಿಗೂ ನಮಸ್ಕಾರ. ನಮ್ಮ ಹಿರಿಯರ ಮನೆ ಹೊನ್ನಾವರ ತಾಲೂಕಿನಲ್ಲಿ, ಶರಾವತಿಯ ದಂಡೆಯ ಮೇಲಿದೆ. ನಾನು ಬೆಂಗಳೂರಿನಲ್ಲಿದ್ದೇನೆ, ತಮ್ಮ ಊರಿನಲ್ಲಿಯೇ ಇದ್ದು ಮನೆಯ ಅರ್ಧಭಾಗವನ್ನು ಹೋಮ್‌ಸ್ಟೇ ಆಗಿ ನಡೆಸುತ್ತಿದ್ದಾನೆ. ಪರಿಚಯದ ಮೀನುಗಾರರೊಬ್ಬರು ತಮ್ಮ 26 ಅಡಿಯ ಫೈಬರ್ ದೋಣಿಯನ್ನು ಔಟ್‌ಬೋರ್ಡ್ ಎಂಜಿನ್ (ದೋಣಿಯ ಹಿಂಭಾಗದಲ್ಲಿ ಹೊರಗೆ ಕೂರಿಸುವಂಥದ್ದು) ಸಮೇತ ಮಾರಲು ಒಪ್ಪಿದ್ದಾರೆ. ಅದಕ್ಕೆ ಕಬ್ಬಿಣದ ಕಂಬ ನಿಲ್ಲಿಸಿ ಮೇಲೊಂದು ಚಾವಣಿ ಹಾಕಿ, ಎರಡೂ ಬದಿಗೆ ಬೆಂಚು ಕೂರಿಸಿದರೆ ಹನ್ನೆರಡು ಜನ ಆರಾಮವಾಗಿ ಕುಳಿತುಕೊಳ್ಳಬಹುದು ಎಂಬುದು ತಮ್ಮನ ಲೆಕ್ಕ. ಹೆಚ್ಚಾಗಿ ಮನೆಯವರ ವಿಹಾರಕ್ಕೆ, ಕೆಲವೊಮ್ಮೆ ಅತಿಥಿಗಳನ್ನು ಕಾಂಡ್ಲಾ (ಮ್ಯಾಂಗ್ರೋವ್) ವನ ತೋರಿಸಲು ಕರೆದೊಯ್ಯುವುದಕ್ಕೆ ಇದನ್ನು ಬಳಸಬೇಕೆಂದಿದ್ದೇವೆ. ಅದಕ್ಕೆ ಪ್ರತ್ಯೇಕ ಹಣ ಪಡೆಯುವ ಉದ್ದೇಶವಿಲ್ಲ.

ನನ್ನ ಸಂಶಯಗಳು ಇವು: ದೋಣಿಗೆ ಈಗಾಗಲೇ ಇರುವ ನೋಂದಣಿ ನಮಗೆ ಸಾಕಾಗುತ್ತದೆಯೇ? ನಡೆಸುವವನಿಗೆ ಪರವಾನಗಿ ಬೇಕೇ? ಹಣ ಪಡೆಯದೆ ಕರೆದೊಯ್ದಾಗ ಅವಘಡವಾದರೆ ಉತ್ತರಿಸಬೇಕಾದವರು ಯಾರು? ಜೀವನವಿಡೀ ಪಾತಿದೋಣಿಯಲ್ಲಿ (ಹುಟ್ಟು ಹಾಕುವ ಪುಟ್ಟ ದೋಣಿಯಲ್ಲಿ) ಹೊಳೆ ದಾಟಿದ ನಮ್ಮ ತಂದೆಯವರು ಈ ಪ್ರಶ್ನೆಗಳನ್ನು ಕೇಳಿ ನಗುತ್ತಿದ್ದಾರೆ. ಆದರೂ ಖರೀದಿಗೆ ಮುಂಗಡ ಕೊಡುವ ಮೊದಲು ತಿಳಿದವರಿಂದ ಕೇಳಿಕೊಳ್ಳುವುದು ಒಳ್ಳೆಯದೆನಿಸಿತು.

ಉತ್ತರ 1: ನಿವೃತ್ತ ಮೆರೈನ್ ಎಂಜಿನಿಯರ್

ಮುಂಗಡ ಕೊಡುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆಚ್ಚು ಆತಂಕ ತಂದದ್ದು ಪರವಾನಗಿಯ ವಿಷಯವಲ್ಲ, ಆ ಚಾವಣಿ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕಾಗದಪತ್ರ. ಮೀನುಗಾರಿಕೆ ದೋಣಿಯ ನೋಂದಣಿ ಮೀನು ಹಿಡಿಯುವ ಉದ್ದೇಶಕ್ಕಾಗಿ ಕೊಟ್ಟದ್ದು. ದೋಣಿಯ ಬಳಕೆ ಬದಲಾದ ಮೇಲೆ ಅದೇ ಕಾಗದವನ್ನು ಮುಂದಿಟ್ಟುಕೊಂಡು ಜನರನ್ನು ಹತ್ತಿಸಲು ಬರುವುದಿಲ್ಲ. ನದಿ, ಹಿನ್ನೀರು, ಕೆರೆಗಳಲ್ಲಿ ಯಂತ್ರದಿಂದ ಓಡುವ ದೋಣಿಗಳಿಗೆ ಈಗ ಅನ್ವಯಿಸುವುದು 2021ರ ಒಳನಾಡು ಹಡಗುಗಳ ಕಾಯ್ದೆ. 1917ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದ ಇದರ ಪ್ರಕಾರ ದೋಣಿಯನ್ನು ಸರ್ವೇಯರ್ ಪರೀಕ್ಷಿಸಿ ಸರ್ವೇ ಪ್ರಮಾಣಪತ್ರ ಕೊಡಬೇಕು, ದೋಣಿ ನೋಂದಣಿಯಾಗಬೇಕು, ನಡೆಸುವವರಿಗೆ ಅರ್ಹತಾ ಪ್ರಮಾಣಪತ್ರವಿರಬೇಕು, ಸಾವು, ಗಾಯ, ಆಸ್ತಿಹಾನಿಗಳ ಹೊಣೆಯನ್ನು ಭರಿಸುವ ವಿಮೆಯೂ ಇರಬೇಕು. ನಮ್ಮ ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆ. ಅದರ ನಿರ್ದೇಶಕರ ಕಚೇರಿ ಕಾರವಾರದಲ್ಲಿದೆ, ಹೊನ್ನಾವರದಲ್ಲಿಯೂ ಬಂದರು ಕಚೇರಿಯಿದೆ. ದೋಣಿಯ ಅಳತೆ, ಎಂಜಿನ್ ಸಂಖ್ಯೆ, ನೀವು ಮಾಡಬೇಕೆಂದಿರುವ ಬದಲಾವಣೆಯ ನಕ್ಷೆ ಇಷ್ಟನ್ನು ಹಿಡಿದುಕೊಂಡು, ಖರೀದಿಗೂ ಮೊದಲು, ಅಲ್ಲಿಗೆ ಹೋಗಿ ಮಾತನಾಡಿ. ಎಲ್ಲ ಕೆಲಸ ಮುಗಿಸಿ ಬಣ್ಣ ಬಳಿದ ಮೇಲೆ ಹೋದರೆ ಸರ್ವೇಯರ್ ‘ಕಂಬ ಕಿತ್ತು ಬನ್ನಿ’ ಎನ್ನಬಹುದು.

ಹಣ ಪಡೆಯುವುದಿಲ್ಲ ಎಂಬ ಮಾತು ನಿಮ್ಮನ್ನು ಎಷ್ಟರಮಟ್ಟಿಗೆ ಕಾಪಾಡುತ್ತದೆ ಎಂಬುದನ್ನೂ ಯೋಚಿಸಿ. ಭಾರತೀಯ ನ್ಯಾಯ ಸಂಹಿತೆಯ 284ನೆಯ ಕಲಂ, ಸುಸ್ಥಿತಿಯಲ್ಲಿಲ್ಲದ ಅಥವಾ ಮಿತಿಮೀರಿ ಭಾರ ಹೊತ್ತ ದೋಣಿಯಲ್ಲಿ ಬಾಡಿಗೆಗೆ ಜನರನ್ನು ಸಾಗಿಸುವುದನ್ನು ಶಿಕ್ಷಾರ್ಹವೆನ್ನುತ್ತದೆ. ಅಲ್ಲಿ ಬಾಡಿಗೆಯ ಮಾತಿದೆ, ನಿಜ. ಆದರೆ ಅಜಾಗರೂಕತೆಯಿಂದ ದೋಣಿ ನಡೆಸುವುದರ ಬಗೆಗಿನ 282ನೆಯ ಕಲಮಿಗಾಗಲಿ, ನಿರ್ಲಕ್ಷ್ಯದಿಂದ ಸಾವು ಸಂಭವಿಸುವುದರ ಬಗೆಗಿನ 106ನೆಯ ಕಲಮಿಗಾಗಲಿ ಹಣ ಕೊಟ್ಟರೋ ಬಿಟ್ಟರೋ ಎಂಬುದು ಮುಖ್ಯವಲ್ಲ. ಅಲ್ಲದೆ, ಕೋಣೆಗೆ ಬಾಡಿಗೆ ಕೊಟ್ಟ ಅತಿಥಿಗೆ ದೋಣಿ ವಿಹಾರವನ್ನು ‘ಉಚಿತ’ವಾಗಿ ಕೊಟ್ಟರೆ ಅದು ನಿಜಕ್ಕೂ ಉಚಿತವೇ ಎಂದು ವಕೀಲರು ಕೇಳದೆ ಬಿಡುವುದಿಲ್ಲ.

ಈಗ ಚಾವಣಿಯ ವಿಷಯ. ಮೀನುಗಾರಿಕೆ ದೋಣಿಯಲ್ಲಿ ಬಲೆ, ಮೀನು, ಮಂಜುಗಡ್ಡೆ ಎಲ್ಲವೂ ತಳದಲ್ಲಿರುತ್ತವೆ. ಭಾರ ಕೆಳಗಿರುವುದರಿಂದ ದೋಣಿ ಓಲಾಡಿದರೂ ತಿರುಗಿ ನೆಟ್ಟಗಾಗುತ್ತದೆ. ನೀವು ಬಲೆಯನ್ನು ತೆಗೆದು, ಎತ್ತರದ ಬೆಂಚಿನ ಮೇಲೆ ಜನರನ್ನು ಕೂರಿಸಿ, ಅದಕ್ಕೂ ಮೇಲೆ ಕಬ್ಬಿಣವನ್ನು ಏರಿಸಿದರೆ ಭಾರದ ಕೇಂದ್ರ ಮೇಲಕ್ಕೆ ಸರಿಯುತ್ತದೆ. ಆಗ ಅದೇ ದೋಣಿಗೆ ವಾಲಿದಲ್ಲಿಂದ ಹಿಂದಿರುಗುವ ಶಕ್ತಿ ಕುಗ್ಗುತ್ತದೆ. ಸಾಮಾನ್ಯವಾಗಿ ಒಬ್ಬ ಪ್ರಯಾಣಿಕನಿಗೆ 75 ಕೆ.ಜಿ. ಎಂದು ಲೆಕ್ಕ ಹಿಡಿಯುತ್ತಾರೆ. ಹನ್ನೆರಡು ಜನರೆಂದರೆ 900 ಕೆ.ಜಿ. ನೀರುನಾಯಿಯೋ ಹಕ್ಕಿಯೋ ಕಂಡಿತೆಂದು ಅವರಲ್ಲಿ ಎಂಟು ಜನ ಫೋನು ಹಿಡಿದು ಒಂದೇ ಬದಿಗೆ ಎದ್ದು ಬಂದರೆ 600 ಕೆ.ಜಿ. ಭಾರ ಒಂದು ಕ್ಷಣದಲ್ಲಿ ಜಾಗ ಬದಲಿಸುತ್ತದೆ. ತಳದಲ್ಲಿ ಅಷ್ಟಿಷ್ಟು ನೀರು ನಿಂತಿದ್ದರೆ ಅದೂ ಅತ್ತಲೇ ಹರಿದು ದೋಣಿಯನ್ನು ಇನ್ನಷ್ಟು ಜಗ್ಗುತ್ತದೆ. ಬಿಸಿಲು ತಡೆಯಲು ಬಿಗಿದ ಟಾರ್ಪಾಲು ಕೂಡ ಗಾಳಿಗೆ ಹಾಯಿಯಂತೆ ವರ್ತಿಸುತ್ತದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ.

ಇದು ಊಹೆಯ ಮಾತಲ್ಲ. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ ‘ಜಲಕನ್ಯಕ’ ದೋಣಿ ಮಗುಚಿ 45 ಜನ ತೀರಿಕೊಂಡಾಗ, ಪ್ರವಾಸಿಗರು ಪ್ರಾಣಿಗಳನ್ನು ನೋಡಲು ಒಂದೇ ಬದಿಗೆ ಸೇರಿದ್ದು ಸುದ್ದಿಯಾಯಿತು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಜನರನ್ನು ಬಲಿ ತೆಗೆದುಕೊಂಡದ್ದು ಮೀನುಗಾರಿಕೆಯಿಂದ ಪ್ರವಾಸಕ್ಕೆ ಮಾರ್ಪಾಡಾದ ದೋಣಿಯೇ. ನಿಮ್ಮ ತಮ್ಮನವರ ಯೋಜನೆಯನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಅದು. ಕಟುವಾಗಿ ಹೇಳಿದ್ದಕ್ಕೆ ಕ್ಷಮಿಸಿ.

ಉತ್ತರ 2: ತಾಂಡೇಲರ ಮನೆಯವ

ಮೇಲಿನವರು ದೋಣಿಯ ಬಗ್ಗೆ ಬರೆದಿದ್ದಾರೆ. ನಾನು ಹೊಳೆಯ ಬಗ್ಗೆ ಎರಡು ಮಾತು ಬರೆಯುತ್ತೇನೆ, ಏಕೆಂದರೆ ನಮ್ಮ ಮನೆಯ ಮೂರು ತಲೆಮಾರು ಇದೇ ನೀರಿನ ಮೇಲೆ ಬದುಕಿದೆ.

ಶರಾವತಿಯ ಕೆಳಭಾಗವನ್ನು ಕೆರೆಯೆಂದು ಭಾವಿಸಬೇಡಿ. ಒಂದು ಕಡೆಯಿಂದ ಉಬ್ಬರ ಇಳಿತ, ಇನ್ನೊಂದು ಕಡೆಯಿಂದ ಗೇರುಸೊಪ್ಪೆಯಲ್ಲಿ ವಿದ್ಯುತ್ ಉತ್ಪಾದನೆಗೆ ತಕ್ಕಂತೆ ಬರುವ ನೀರು ಎರಡೂ ಸೇರಿ ಸೆಳೆತವನ್ನು ನಿರ್ಧರಿಸುತ್ತವೆ. ಹೊನ್ನಾವರದ ಸೇತುವೆಯ ಕಂಬಗಳ ನಡುವೆ ಇಳಿತದ ವೇಳೆ ನೀರು ಹೇಗೆ ತಿರುಗುತ್ತದೆ ಎಂಬುದನ್ನು ನಿಮ್ಮ ತಮ್ಮ ಸೇತುವೆಯ ಮೇಲೆ ನಿಂತು ಒಂದು ಗಂಟೆ ನೋಡಲಿ. ಕಂಬದ ಹತ್ತಿರ ಎಂಜಿನ್ ನಿಂತುಹೋದರೆ ಹುಟ್ಟು ಹಾಕಿ ತಪ್ಪಿಸಿಕೊಳ್ಳುವಷ್ಟು ಸಮಯ ಇರುವುದಿಲ್ಲ. ಆದ್ದರಿಂದ ಎರಡು ಹುಟ್ಟು, ಉದ್ದ ಹಗ್ಗ ಕಟ್ಟಿದ ಲಂಗರು ಇವು ದೋಣಿಯಲ್ಲಿ ಕೈಗೆಟಕುವಂತೆ ಇರಲೇಬೇಕು. ಸೀಟಿನಡಿ ಗಂಟು ಬಿದ್ದ ಹಗ್ಗದ ಜೊತೆಗಿರುವ ಲಂಗರು ಇದ್ದೂ ಇಲ್ಲದಂತೆ.

ಹೊಳೆ ಕಡಲು ಸೇರುವ ಅಳಿವೆಯ ಕಡೆಗೆ ಅತಿಥಿಗಳನ್ನು ಯಾವ ಕಾರಣಕ್ಕೂ ಕರೆದೊಯ್ಯಬೇಡಿ. ಇಳಿತದ ನೀರು ಹೊರಗೆ ಹರಿಯುವಾಗ ಮಧ್ಯಾಹ್ನದ ಕಡಲ ಗಾಳಿ ಎದುರಿನಿಂದ ಬೀಸಿದರೆ ಅಲೆಗಳು ಚಿಕ್ಕದಾಗಿ, ಕಡಿದಾಗಿ ಏಳುತ್ತವೆ. ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನಲ್ಲಿ ಇದು ಇನ್ನೂ ಜೋರು. ಮರಳಿನ ದಿಬ್ಬ ಪ್ರತಿ ಮಳೆಗಾಲ ಮುಗಿದ ಮೇಲೆ ಜಾಗ ಬದಲಿಸುವುದರಿಂದ ಕಳೆದ ವರ್ಷದ ದಾರಿ ಈ ವರ್ಷದ ದಾರಿಯಲ್ಲ. ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ 2019ರ ಜನವರಿ 21ರಂದು ಮಗುಚಿ 16 ಜನ ಹೋದದ್ದು ನಮ್ಮ ಜಿಲ್ಲೆಯಲ್ಲಿ ಯಾರೂ ಮರೆತಿಲ್ಲ, ಅದು ಮಳೆಗಾಲವಾಗಿರಲಿಲ್ಲ. ಇನ್ನು ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧವಿರುವಾಗ ವಿಹಾರದ ಮಾತಾದರೂ ಎಲ್ಲಿಂದ ಬರಬೇಕು?

ಇನ್ನೊಂದು ವಿನಂತಿ, ಇದು ಮೀನುಗಾರರ ಪರವಾಗಿ. ಪಾತಿದೋಣಿಯಲ್ಲಿ ಬಲೆ ಬಿಡುವವರು, ಎದೆಮಟ್ಟದ ನೀರಿನಲ್ಲಿ ನಿಂತು ಬಳಚು (ಚಿಪ್ಪುಮೀನು) ಹೆಕ್ಕುವ ಹೆಂಗಸರು ಇದ್ದಲ್ಲಿ ವೇಗವನ್ನು ಪೂರ್ತಿ ಇಳಿಸಿ. ನಿಮ್ಮ ದೋಣಿ ಎಬ್ಬಿಸುವ ಅಲೆಯಿಂದ ಅವರಿಗಾಗುವ ತೊಂದರೆಗೆ ನೀವೇ ಹೊಣೆ. ಎದುರಿನಿಂದ ದೋಣಿ ಬಂದರೆ ಇಬ್ಬರೂ ತಮ್ಮ ತಮ್ಮ ಬಲಕ್ಕೆ ತಿರುಗಬೇಕು; ರಸ್ತೆಯಲ್ಲಿ ಎಡಕ್ಕೆ ಹೋಗಿ ರೂಢಿಯಾದವರು ಇಲ್ಲಿಯೇ ತಪ್ಪುತ್ತಾರೆ. ಅಡ್ಡ ಹಾಯುವಾಗ ನಿಮ್ಮ ಬಲಗಡೆಯಿಂದ ಬರುವ ಎಂಜಿನ್ ದೋಣಿಗೆ ನೀವು ದಾರಿ ಬಿಡಬೇಕು.

ಉತ್ತರ 3: ಮಿಶಿಗನ್ ಕನ್ನಡಿಗ

ನಾನು ಅಮೆರಿಕದ ಮಿಶಿಗನ್‌ನಲ್ಲಿ ಸಣ್ಣದೊಂದು ದೋಣಿಯ ಮಾಲೀಕ. ಇಲ್ಲಿನ ಕಾನೂನು ನಿಮಗೆ ಅನ್ವಯಿಸುವುದಿಲ್ಲವಾದರೂ ಎರಡು ಅಭ್ಯಾಸಗಳನ್ನು ನೀವು ಎರವಲು ಪಡೆಯಬಹುದು ಎನಿಸಿತು.

ಒಂದು, ಎಂಜಿನ್ ಕಿಲ್ ಸ್ವಿಚ್. ನಡೆಸುವವನ ಕೈಗೋ ಜಾಕೆಟ್‌ಗೋ ಒಂದು ಸುರುಳಿ ಹಗ್ಗವನ್ನು ಸಿಕ್ಕಿಸಿರುತ್ತಾರೆ. ಅವನು ನೀರಿಗೆ ಬಿದ್ದರೆ ಹಗ್ಗ ಕಿತ್ತು ಎಂಜಿನ್ ನಿಲ್ಲುತ್ತದೆ. ಇಲ್ಲವಾದರೆ ಚಾಲಕನಿಲ್ಲದ ದೋಣಿ ಸುತ್ತು ಹಾಕಿಕೊಂಡು ಬಿದ್ದವನ ಮೇಲೆಯೇ ಬರುತ್ತದೆ. 26 ಅಡಿಗಿಂತ ಚಿಕ್ಕದಾದ ಎಂಜಿನ್ ದೋಣಿಗಳಲ್ಲಿ ಇದರ ಬಳಕೆಯನ್ನು ಇಲ್ಲಿ 2021ರ ಏಪ್ರಿಲ್ 1ರಿಂದ ಕಡ್ಡಾಯ ಮಾಡಿದ್ದಾರೆ. ನೀವು ಕೊಳ್ಳುವ ಔಟ್‌ಬೋರ್ಡ್‌ಗೂ ಅದು ಇರುವ ಸಂಭವ ಹೆಚ್ಚು. ಆದರೆ ಹಳೆಯ ದೋಣಿಗಳಲ್ಲಿ ಹಗ್ಗ ಕಳೆದುಹೋಗಿ, ಸ್ವಿಚ್ಚಿಗೆ ತಂತಿಯ ಚೂರು ಸಿಕ್ಕಿಸಿ ಓಡಿಸುತ್ತಿರುತ್ತಾರೆ. ಅದನ್ನು ಮೊದಲು ನೋಡಿ.

ಎರಡನೆಯದು ಲೈಫ್ ಜಾಕೆಟ್ಟನ್ನು ಇಟ್ಟುಕೊಳ್ಳುವುದಕ್ಕೂ ಹಾಕಿಕೊಳ್ಳುವುದಕ್ಕೂ ಇರುವ ವ್ಯತ್ಯಾಸ. ಇಲ್ಲಿನ ಕೋಸ್ಟ್ ಗಾರ್ಡ್ ವರದಿಗಳಲ್ಲಿ ವರ್ಷ ವರ್ಷವೂ ಕಾಣುವುದು ಒಂದೇ ಚಿತ್ರ: ಮುಳುಗಿ ಸತ್ತವರ ಪೈಕಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಜನ ಜಾಕೆಟ್ ಧರಿಸಿರಲಿಲ್ಲ. ಊರಿಗೆ ಬಂದಾಗ ನಾನು ಹತ್ತಿದ ಒಂದು ದೋಣಿಯಲ್ಲಿ ಜಾಕೆಟ್‌ಗಳು ಪ್ಲಾಸ್ಟಿಕ್ ಹೊದಿಕೆ ಬಿಚ್ಚದ ಹಾಗೆಯೇ ತಲೆಯ ಮೇಲೆ ತೂಗುತ್ತಿದ್ದವು. ಕೊಳ್ಳುವಾಗ ತೇಲಿಸುವ ಬಲವನ್ನು ನ್ಯೂಟನ್‌ನಲ್ಲಿ ಬರೆದಿರುವುದನ್ನು ಗಮನಿಸಿ. 50 ನ್ಯೂಟನ್‌ನದು ಈಜು ಬಲ್ಲವರಿಗೆ ಆಸರೆ ಮಾತ್ರ; ಈಜು ಬಾರದ ಅತಿಥಿಗೆ ಕನಿಷ್ಠ 100 ನ್ಯೂಟನ್‌ನದು ಬೇಕು. ಮಕ್ಕಳಿಗೆ ಅವರ ತೂಕಕ್ಕೆ ತಕ್ಕ, ಕಾಲ ನಡುವಿನಿಂದ ಪಟ್ಟಿ ಹಾಯುವಂಥದ್ದನ್ನೇ ತರಬೇಕು; ದೊಡ್ಡವರದನ್ನು ತೊಡಿಸಿದರೆ ಜಾಕೆಟ್ ಮೇಲೆ ತೇಲಿ ಮಗು ಕೆಳಗೆ ಜಾರುತ್ತದೆ.

ಪ್ರಶ್ನೆ ಕೇಳಿದವರು: ಹೊಳೆಸಾಲಿನವ

ಮೂವರಿಗೂ ಕೃತಜ್ಞತೆಗಳು. ಇವೆಲ್ಲವನ್ನೂ ತಮ್ಮನಿಗೆ ಓದಿಸಿದೆ. ಎರಡು ದಿನ ಮಾತು ಬಿಟ್ಟಿದ್ದ. ಮೂರನೆಯ ದಿನ ತಾನೇ ಬಂದರು ಕಚೇರಿಗೆ ಹೋಗಿ ವಿಚಾರಿಸಿಕೊಂಡು ಬಂದಿದ್ದಾನೆ. ಚಾವಣಿಯ ಯೋಚನೆಯನ್ನು ಬಿಟ್ಟಿದ್ದೇವೆ. ತಂದೆಯವರೂ ಓದಿಸಿಕೊಂಡರು. ಕೊನೆಗೆ ಅವರು ಹೇಳಿದ್ದು, ತಮ್ಮ ಪಾತಿದೋಣಿಯಲ್ಲಿ ತಾವು ಒಮ್ಮೆಗೆ ಮೂವರಿಗಿಂತ ಹೆಚ್ಚು ಜನರನ್ನು ಕೂರಿಸಿದವರೇ ಅಲ್ಲ, ಮದುವೆಯ ದಿಬ್ಬಣವಿದ್ದರೂ ಹತ್ತು ಸಲ ಹೋಗಿ ಬರುತ್ತಿದ್ದರು ಎಂದು. ಇದನ್ನು ಇಷ್ಟು ವರ್ಷ ಅವರು ಹೇಳಿರಲಿಲ್ಲ, ನಾವು ಕೇಳಿಯೂ ಇರಲಿಲ್ಲ.

ಈಗ ಉಳಿದಿರುವ ಸಂಶಯ: ಬೆಂಚನ್ನು ತಗ್ಗಿಸಿ, ಚಾವಣಿಯಿಲ್ಲದೆ, ಚಾಲಕನೂ ಸೇರಿ ಏಳು ಜನರಿಗೆ ಮಿತಿಗೊಳಿಸುವುದಾದರೆ ಈ ದೋಣಿಯನ್ನು ಕೊಳ್ಳಬಹುದೇ? ಕೊಳ್ಳುವ ಮೊದಲು ಏನನ್ನು ಪರೀಕ್ಷಿಸಬೇಕು?

ಉತ್ತರ 4: ನಿವೃತ್ತ ಮೆರೈನ್ ಎಂಜಿನಿಯರ್

ಏಳು ಎಂಬ ಸಂಖ್ಯೆಯನ್ನು ನಾನಾಗಲಿ ನೀವಾಗಲಿ ನಿಶ್ಚಯಿಸುವಂತಿಲ್ಲ; ಸರ್ವೇಯರ್ ಬರೆದುಕೊಟ್ಟ ಸಂಖ್ಯೆಯೇ ಕೊನೆಯದು, ಮಡಿಲಲ್ಲಿರುವ ಕೂಸೂ ಅದರಲ್ಲಿ ಒಂದು ಜೀವವೆಂದೇ ಎಣಿಸಿ. ಆ ಸಂಖ್ಯೆಯನ್ನು ದೋಣಿಯ ಹೊರಮೈ ಮೇಲೆ ದೊಡ್ಡದಾಗಿ ಬರೆಸಿ. ಅತಿಥಿ ಒತ್ತಾಯಿಸಿದಾಗ ನಿಮ್ಮ ತಮ್ಮ ಬೆರಳು ತೋರಿಸಲು ಅದು ಅನುಕೂಲ.

ಪರೀಕ್ಷಿಸುವುದಾದರೆ ದೋಣಿಯನ್ನು ದಂಡೆಗೆ ಎಳೆಸಿ, ಒಣಗಿದ ಮೇಲೆ ತಳವನ್ನು ಸುತ್ತಿಗೆಯ ಮರದ ಹಿಡಿಯಿಂದ ಅಲ್ಲಲ್ಲಿ ತಟ್ಟಿ ನೋಡಿ. ಗಟ್ಟಿ ಫೈಬರ್ ಟಣ್ ಎನ್ನುತ್ತದೆ. ಪದರ ಬಿಟ್ಟಿದ್ದರೆ ಅಥವಾ ಒಳಗಿನ ಮರ ಕೊಳೆತಿದ್ದರೆ ಶಬ್ದ ಮಂದವಾಗುತ್ತದೆ. ಎಂಜಿನ್ ಕೂರುವ ಹಿಂಭಾಗದ ಹಲಗೆಯಲ್ಲಿ ಬೋಲ್ಟುಗಳ ಸುತ್ತ ಕೂದಲೆಳೆಯಂಥ ಬಿರುಕು ಕಂಡರೆ ಅಲ್ಲಿಗೇ ಮಾತು ಮುಗಿಸಿ ಬನ್ನಿ. ಮುಂಭಾಗದಲ್ಲಿ ಮತ್ತು ಬೆಂಚಿನ ಕೆಳಗೆ ಮುಚ್ಚಿದ ಕೋಣೆಗಳಲ್ಲಿ ತೇಲಿಸುವ ಫೋಮ್ ಇದೆಯೇ, ಅದು ನೀರು ಕುಡಿದು ಭಾರವಾಗಿದೆಯೇ ಎಂದು ನೋಡಿ. ದೋಣಿ ಮಗುಚಿದರೂ ಮುಳುಗದೆ ತೇಲುತ್ತಿದ್ದರೆ ಜನರಿಗೆ ಹಿಡಿದುಕೊಳ್ಳಲು ಏನಾದರೂ ಇರುತ್ತದೆ, ಹುಡುಕಿ ಬರುವವರಿಗೂ ಒಂಟಿ ತಲೆಗಿಂತ ದೋಣಿ ಬೇಗ ಕಾಣುತ್ತದೆ. ಈಜಿ ದಡ ಸೇರುವೆನೆಂದು ಯಾರೂ ದೋಣಿ ಬಿಟ್ಟು ಹೋಗಬಾರದೆಂದು ಹೊರಡುವ ಮೊದಲೇ ಹೇಳಿಬಿಡಬೇಕು.

ಪೆಟ್ರೋಲಿನ ಲೆಕ್ಕ ಹೀಗೆ ಇಟ್ಟುಕೊಳ್ಳಿ: ಹೋಗಲು ಮೂರನೆಯ ಒಂದು ಪಾಲು, ಬರಲು ಒಂದು ಪಾಲು, ಉಳಿದ ಒಂದು ಪಾಲನ್ನು ಮುಟ್ಟಬಾರದು. ಹೊರಡುವಾಗ ಎಷ್ಟು ಜನ, ಎತ್ತ ಹೋಗುತ್ತಾರೆ, ಎಷ್ಟು ಹೊತ್ತಿಗೆ ಮರಳುತ್ತಾರೆ ಎಂಬುದನ್ನು ಮನೆಯಲ್ಲಿ ಒಂದು ಪುಸ್ತಕದಲ್ಲಿ ಬರೆದಿಡಲಿ. ಸೂರ್ಯಾಸ್ತಕ್ಕೆ ಮೊದಲು ದಡ ಸೇರಬೇಕು. ಚಾಲಕ ಕುಡಿದಿರಬಾರದು, ಕುಡಿದ ಅತಿಥಿಯನ್ನೂ ಹತ್ತಿಸಬಾರದು. ತುರ್ತು ಕರೆಗೆ 112, ಕಡಲ ಕಡೆಯ ಅವಘಡವಾದರೆ ಕೋಸ್ಟ್ ಗಾರ್ಡ್‌ನ 1554. ಎರಡನ್ನೂ ದೋಣಿಯೊಳಗೆ ಬರೆದಿಡಿ, ಫೋನನ್ನು ನೀರು ಹೋಗದ ಚೀಲದಲ್ಲಿಡಿ. ಏನಾದರೂ ಅವಘಡವಾದರೆ ಪೊಲೀಸ್ ಠಾಣೆಗೂ ಇಲಾಖೆಗೂ ತಿಳಿಸಬೇಕಾದದ್ದು ನಿಮ್ಮ ಕರ್ತವ್ಯ.

ಕೊನೆಯದಾಗಿ, ಮಾರುವವರ ಬಳಿ ಹಳೆಯ ಲೈಫ್ ಜಾಕೆಟ್‌ಗಳೂ ಇದ್ದರೆ ಬೆಲೆಯಲ್ಲಿ ಸೇರಿಸಿಕೊಳ್ಳಲು ಒಪ್ಪಬೇಡಿ. ಬಿಸಿಲಿಗೆ ಹೊಲಿಗೆ ಸತ್ತು, ಮೀನಿನ ಪೆಟ್ಟಿಗೆಗಳ ಕೆಳಗೆ ಅಮುಕಿ ಚಪ್ಪಟೆಯಾದ ಜಾಕೆಟ್‌ಗಳನ್ನು ನಂಬಲಾಗದು. ಹೊಸವನ್ನೇ ತನ್ನಿ, ಮೊದಲ ದಿನ ನಿಮ್ಮ ತಮ್ಮನೇ ಒಂದನ್ನು ಹಾಕಿಕೊಂಡು ದಂಡೆಯ ಹತ್ತಿರದ ನೀರಿಗೆ ಇಳಿದು ನೋಡಲಿ.