ಸನ್ನತಿಯಲ್ಲಿ ಅಪ್ಪನಿಗೆ ಏನು ತೋರಿಸಲಿ?

ಪ್ರಶ್ನೆ: ನಮ್ಮದು ಕಲಬುರಗಿ. ಅಪ್ಪ ನಲವತ್ತು ವರ್ಷ ಗಣಿಯಲ್ಲಿ ಫರ್ಸಿ ಕಲ್ಲು (ನೆಲಕ್ಕೆ ಹಾಸುವ ಸುಣ್ಣಕಲ್ಲು) ಎಬ್ಬಿಸಿದವರು. ಭಾನುವಾರ ಅವರನ್ನು ನಮ್ಮ ಜಿಲ್ಲೆಯದೇ ಹಳೆಯ ಊರು ಸನ್ನತಿಗೆ ಕರೆದುಕೊಂಡು ಹೋಗ್ತಿದ್ದೇನೆ. ಯಾವುದನ್ನು ತಪ್ಪದೆ ತೋರಿಸಬೇಕು?

ಉತ್ತರ: ಮೊದಲು ಸನ್ನತಿ ಪಕ್ಕದ ಕನಗನಹಳ್ಳಿಯ ಬೌದ್ಧ ಸ್ತೂಪ. ಅಶೋಕನ ಉಬ್ಬುಶಿಲ್ಪ ಸಿಕ್ಕಿದ್ದು ಅಲ್ಲೇ. ಪಕ್ಕದಲ್ಲಿ ರಾಣಿ, ಜೊತೆಗೆ ಕೊಡೆ, ಚಾಮರ ಹಿಡಿದವರು. ಬ್ರಾಹ್ಮಿ ಲಿಪಿಯಲ್ಲಿ ‘ರಾಯ ಅಸೋಕೋ’ ಅಂತ ಕೊರೆದಿದ್ದಾರೆ. ಹೆಸರು ಸಮೇತ ಅಶೋಕ! ಅದೂ ಸುಣ್ಣಕಲ್ಲೇ, ಅಪ್ಪನವರ ಕೈಗೆ ಪರಿಚಯದ್ದು.

ಇನ್ನೊಬ್ಬರು: ಚಂದ್ರಲಾಂಬಾ ಗುಡಿಯನ್ನೂ ನೋಡಿ. 1986ರಲ್ಲಿ ಅಲ್ಲಿನ ಕಾಳಿ ಗುಡಿಯ ಚಾವಣಿ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಚಪ್ಪಡಿಯೇ ಅಶೋಕನ ಶಾಸನ ಅಂತ ಗೊತ್ತಾಯಿತು. ಮೂರ್ತಿ ಕೂರಿಸಲು ನಡುವೆ ದೊಡ್ಡ ತೂತು ಕೊರೆದಿದ್ದರು. ಅಷ್ಟು ಅಕ್ಷರ ಹೋಯಿತಲ್ವಾ, ನೆನೆದರೆ ಸಂಕಟ ಆಗುತ್ತದೆ.

ಕೇಳಿದವರು: ಅಪ್ಪನಿಗೆ ಓದಿ ಹೇಳಿದೆ. ‘ಆ ಅಕ್ಷರ ಕೊರೆದ ಉಳಿ ಎಷ್ಟು ಸಣ್ಣದಿತ್ತೋ, ನೋಡಬೇಕು’ ಅಂದರು.