ಪದ ಬೇಕು: ಗಾಳಿಯಲ್ಲಿ ತಾನೇ ಸಾಗುವ ಸಮುದ್ರನೌಕೆಗೆ

ಎಲ್ಲರಿಗೂ ನಮಸ್ಕಾರ.

ಸಮುದ್ರದ ಮಾಹಿತಿ ಕಲೆಹಾಕುವ ಸೈಲ್‌ಡ್ರೋನ್‌ಗಳ ಬಗ್ಗೆ ಬರೆಯುತ್ತಿದ್ದೇನೆ. ಸುಮಾರು 7 ಮೀಟರ್ ಉದ್ದದ ದೋಣಿ, ಅದರ ಮೇಲೆ ನೆಟ್ಟಗೆ ನಿಂತ ಗಟ್ಟಿ ರೆಕ್ಕೆ, ಒಳಗೆ ಯಾರೂ ಇಲ್ಲ. 2019ರಲ್ಲಿ ಇಂಥದೊಂದು 196 ದಿನಗಳಲ್ಲಿ ಅಂಟಾರ್ಕ್ಟಿಕಾವನ್ನು ಸುತ್ತಿ ಬಂತು. 2021ರಲ್ಲಿ ಇನ್ನೊಂದು ‘ಸ್ಯಾಮ್’ ಚಂಡಮಾರುತದೊಳಕ್ಕೇ ನುಗ್ಗಿ, 15 ಮೀಟರ್ ಎತ್ತರದ ಅಲೆಗಳ ನಡುವಿನಿಂದ ವಿಡಿಯೋ ಕಳಿಸಿತು. ಇದಕ್ಕೆ ಕನ್ನಡದಲ್ಲಿ ಏನನ್ನೋಣ?

ಪತ್ರಿಕೆಗಳ ರೂಢಿ ಹಿಡಿದರೆ ‘ಮಾನವರಹಿತ ಪವನ-ಸೌರಚಾಲಿತ ನೌಕೆ’ ಆಗುತ್ತದೆ. ಉಚ್ಚರಿಸುವಷ್ಟರಲ್ಲಿ ಉಸಿರು ಕಟ್ಟುತ್ತದೆ, ಅದು ಹಾಗಿರಲಿ, ಅರ್ಥವೇ ತಪ್ಪು. ಇದನ್ನು ಮುಂದಕ್ಕೆ ತಳ್ಳುವುದು ಗಾಳಿ. ಬಿಸಿಲಿನಿಂದ ಬರುವ ವಿದ್ಯುತ್ತು ಉಪಕರಣಗಳಿಗೆ, ಉಪಗ್ರಹ ಸಂಪರ್ಕಕ್ಕೆ, ಚುಕ್ಕಾಣಿಗೆ, ರೆಕ್ಕೆಯ ಹಿಂದಿರುವ ಪುಟ್ಟ ಬಾಲಕ್ಕೆ ಹೋಗುತ್ತದೆ. ಆ ಬಾಲವನ್ನು ಚೂರು ತಿರುಗಿಸಿದರೆ ಸಾಕು, ಗಾಳಿಯೇ ಇಡೀ ರೆಕ್ಕೆಯನ್ನು ಬೇಕಾದ ಕೋನಕ್ಕೆ ತಂದು ನಿಲ್ಲಿಸುತ್ತದೆ. ಹಗ್ಗ ಎಳೆಯುವ ಕೆಲಸವೇ ಇಲ್ಲ. ಹಾಗಾಗಿ ‘ಸೌರಚಾಲಿತ’ವನ್ನು ಕೈಬಿಟ್ಟೆ.

ಹಾಯಿಯೋ ರೆಕ್ಕೆಯೋ ಎಂಬುದು ಮುಂದಿನ ತಕರಾರು. ಹಾಯಿ ಅಂದರೆ ಬಟ್ಟೆ ಕಣ್ಣಿಗೆ ಕಟ್ಟುತ್ತದೆ. ಇದನ್ನು ಬಿಚ್ಚಲೂ ಬಾರದು, ಮಡಚಲೂ ಬಾರದು. ಚಂಡಮಾರುತಕ್ಕೆ ಕಳಿಸುವಾಗ ಮೋಟು ರೆಕ್ಕೆಯನ್ನೇ ಬೇರೆ ಮಾಡಿ ಕೂರಿಸಿದ್ದರು. ಆದರೆ ‘ರೆಕ್ಕೆದೋಣಿ’ ಅಂದರೆ ಹಾರುತ್ತದೆ ಅಂದುಕೊಂಡಾರು. ಮಾಡುವ ಕೆಲಸ ನೋಡಿ ಹೆಸರಿಡುವುದಾದರೆ ಹಾಯಿಯೇ ಸರಿ ಅನ್ನಿಸುತ್ತದೆ.

‘ಚಾಲಕರಹಿತ’ವೂ ಪೂರ್ತಿ ಒಪ್ಪುವುದಿಲ್ಲ. ಎಲ್ಲಿಗೆ ಹೋಗಬೇಕೆಂದು ದಡದಲ್ಲಿ ಕೂತವರು ಹೇಳುತ್ತಲೇ ಇರುತ್ತಾರೆ. ‘ಆಳಿಲ್ಲದ ಹಾಯಿದೋಣಿ’ ನನಗೆ ಹಿಡಿಸಿತ್ತು. ಆದರೆ ಅವಸರದಲ್ಲಿ ಓದುವವರು ಅದನ್ನು ‘ಆಳವಿಲ್ಲದ’ ಎಂದು ಓದಿಬಿಟ್ಟರೆ? ಸಮುದ್ರದ ಬರಹದಲ್ಲಂತೂ ಅದು ಅಪಾಯವೇ.

ಸದ್ಯಕ್ಕೆ ‘ಹಾಯಿಡ್ರೋನ್’ ಎಂದು ಬರೆದಿಟ್ಟಿದ್ದೇನೆ. ಡ್ರೋನ್ ಅಂದರೆ ಹಾರುವುದು ಎಂಬ ಅಭ್ಯಾಸವಾಗಿಬಿಟ್ಟಿದೆ. ಅದರ ಮೊದಲಿಗೆ ಸೇರಿಸಿದ ‘ಹಾಯಿ’ ಅದನ್ನು ನೀರಿಗಿಳಿಸುತ್ತದೆಯೇ, ನೀವೇ ಹೇಳಿ.

ಜೊತೆಗೆ ಇನ್ನೊಂದು. ವೇವ್ ಗ್ಲೈಡರ್ ಎಂಬ ಮಾನವರಹಿತ ನೌಕೆಗೆ ಹಾಯಿಯೇ ಇಲ್ಲ, ನೀರಿನಡಿಯ ರೆಕ್ಕೆಗಳ ಮೂಲಕ ಅಲೆಯ ಏರಿಳಿತದಿಂದಲೇ ಸಾಗುತ್ತದೆ. ಇವೆರಡನ್ನೂ ಒಟ್ಟಿಗೆ ಕರೆಯಲು ‘ಸ್ವಯಂನೌಕೆ’ ಸಾಕೇ, ಅದಕ್ಕಿಂತ ಹಗುರವಾದದ್ದು ಯಾರಿಗಾದರೂ ಹೊಳೆಯುತ್ತದೆಯೇ?