ಕುಟ್ಟು ಹಿಟ್ಟಿನ ರೊಟ್ಟಿ ಮುರೀತಾವ, ಹ್ಯಾಂಗ ಮಾಡೂದು?

ಕೇಳಿದವರು, ಬೀದರ್:
ಅಕ್ಕಾರ, ನನ್ನ ಮಗಳಿಗಿ ಸಿಲಿಯಾಕ್ ಅದ, ಅಂದ್ರ ಗೋಧಿಯಾಗಿನ ಗ್ಲುಟೆನ್ ಅನ್ನೋ ಜಿಗುಟು ಪ್ರೋಟೀನ್ ಆಕಿಗಿ ಆಗಿಬರಲ್ಲ, ಗೋಧಿ ಪೂರಾ ಬಿಡಿಸ್ರಿ ಅಂತ ಡಾಕ್ಟರ್ ಹೇಳ್ಯಾರ. ಡೆಹ್ರಾಡೂನಿನಾಗಿರೋ ನಮ್ಮ ಭಾವ ಕುಟ್ಟು (ಇಂಗ್ಲಿಷಿನಾಗ ಬಕ್‌ವೀಟ್ ಅಂತಾರ) ಹಿಟ್ಟು, ಅದರದೇ ಒಂದಿಷ್ಟು ಕಾಳು ಕಳಿಸ್ಯಾರ. ರೊಟ್ಟಿ ಬಡಿಲಾಕ ಹೋದ್ರ ಅಂಚು ಒಡೀತಾವ, ಹಂಚಿಗಿ ಹಾಕೋದ್ರಾಗ ಎರಡು ತುಂಡು. ಯಾರರೆ ಮಾಡೀರೇನು? ಜ್ವಾಳಕ್ಕಿಂತ ಇದು ಛಲೋ ಏನು?

ಕಲಬುರಗಿಯಿಂದ:
ತಂಗಿ, ಬರೇ ಕುಟ್ಟಿನ ರೊಟ್ಟಿ ಬಡಿಬ್ಯಾಡ. ಮೂರು ಪಾಲು ಜ್ವಾಳದ ಹಿಟ್ಟಿಗಿ ಒಂದು ಪಾಲು ಕುಟ್ಟು ಕೂಡಿಸು. ಎರಡರಾಗೂ ಗ್ಲುಟೆನ್ ಇಲ್ಲ, ಜಿಗಿ ಬರೋದು ಎಸರಿನಿಂದನೇ. ನೀರು ಮಳಮಳ ಕುದಿಬೇಕು. ಹಿಟ್ಟಿನ ನಡು ಕುಣಿ ಮಾಡಿ ಎಸರು ಹೊಯ್ದು, ಸೌಟಿಲೆ ತಿರುವಿ ಮುಚ್ಚಿಡು, ಕೈ ತಾಳೋಷ್ಟು ಆರಿದ ಮ್ಯಾಲ ನಾದು. ಕುಟ್ಟು ಬೇಗ ಅಂಟಾಗ್ತದ, ಅದಕ್ಕ ಎಸರು ಜ್ವಾಳಕ್ಕ ಹಾಕೋದ್ಕಿಂತ ಕಡಿಮಿ ಇರ್ಲಿ. ಸಾಲದಿದ್ರ ನಾದುವಾಗ ನೀರು ಚಿಮುಕಿಸು. ಒಂದೊಂದೇ ಉಂಡಿ ಮಾಡಿ ಬಡಿ, ಹಂಚಿಗಿ ಹಾಕಿದ ಕೂಡ್ಲೇ ಮ್ಯಾಲ ಹಸಿ ಅರಿವಿ ಆಡಿಸು. ಬಣ್ಣ ಕಪ್ಪಗಾಗ್ತದ, ಹೊತ್ತದ ಅಂತ ಅಂಜಬ್ಯಾಡ. ಮಣ್ಣಿನ ವಾಸನಿ, ಒಂಚೂರು ಕಹಿ ಇರ್ತದ. ಪುಂಡಿಪಲ್ಯದ ಹುಳಿಗಿ ಭಾಳ ಹೊಂದ್ತದ.

ಬರೇ ಕುಟ್ಟೇ ಬೇಕಂದ್ರ ಉತ್ತರದವರು ನವರಾತ್ರಿ ಉಪಾಸಕ್ಕ ಮಾಡೋ ಹಂಗ ಕುದಿಸಿದ ಆಲೂಗಡ್ಡಿ ಹಿಸುಕಿ ಹಾಕು. ಎಣ್ಣಿ ಹಚ್ಚಿದ ಹಾಳಿ ಮ್ಯಾಲ ತಾಲಿಪಟ್ಟಿ ತಟ್ಟಿದಂಗ ತಟ್ಟಿದ್ರ ಮುರಿಯಲ್ಲ.

ಯಾದಗಿರಿಯಿಂದ:
ಕಾಳಿಂದ ನುಚ್ಚು ಮಾಡ್ರಿ. ನೆನಿಹಾಕಿದ್ರ ಲೋಳಿ ಬಿಡ್ತದ, ನೆನಿಹಾಕಬ್ಯಾಡ್ರಿ. ತೊಳೆದು, ವಾಸನಿ ಬರೋತನ ಹುರಿದು, ಒಂದಕ್ಕ ಎರಡು ನೀರು. ಇಪ್ಪತ್ತು ನಿಮಿಷದೊಳಗ ಬೇಯ್ತದ. ಮ್ಯಾಲ ಮಜ್ಜಿಗಿ, ಹಸಿ ಉಳ್ಳಾಗಡ್ಡಿ.

ಮತ್ತೊಬ್ಬರು, ಕಲಬುರಗಿ:
ಜ್ವಾಳಕ್ಕಿಂತ ಛಲೋ ಏನು ಅಂತ ಕೇಳೀರಿ. ಕುಟ್ಟು ಗೋಧಿ ಜಾತಿದಲ್ಲ, ಹುಲ್ಲಿನ ಜಾತಿದೂ ಅಲ್ಲ. ಕೇಂದ್ರ ಸರ್ಕಾರ 2018ರಾಗ ಜ್ವಾಳ, ಸಜ್ಜಿ, ರಾಗಿ ಜೋಡಿ ಇದನ್ನೂ ಪೌಷ್ಟಿಕ ಧಾನ್ಯ ಅಂತ ಸೇರಿಸ್ತು. 100 ಗ್ರಾಂ ಇಡೀ ಕಾಳಿನಾಗ ಹತ್ರಹತ್ರ 13 ಗ್ರಾಂ ಪ್ರೋಟೀನ್, 10 ಗ್ರಾಂ ನಾರು, ಮ್ಯಾಗ್ನೀಸಿಯಂ ಕೂಡ ಭರಪೂರ. ಜ್ವಾಳದಾಗ ಲೈಸಿನ್ ಅನ್ನೋ ಪ್ರೋಟೀನಿನ ಅಂಶ ಕಡಿಮಿ, ಕುಟ್ಟಿನಾಗ ಹೆಚ್ಚು. ಅಂದ್ರ ಒಂದರ ಕೊರತಿ ಇನ್ನೊಂದು ತುಂಬ್ತದ, ಎರಡರ ನಡುವೆ ಸ್ಪರ್ಧಾ ಹಚ್ಚಬ್ಯಾಡ್ರಿ. ಆದ್ರ ನಮ್ಮ ತೊಗರಿಬ್ಯಾಳಿನೂ ಅದೇ ಕೆಲಸ ಮಾಡ್ತದ. ಕುಟ್ಟು ಸಿಗಲಿಲ್ಲ ಅಂತ ಕೂಸಿಗಿ ಏನೋ ತಪ್ತು ಅಂತ ಮನಸ್ಸಿಗಿ ಹಚ್ಕೋಬ್ಯಾಡ್ರಿ. ಸಕ್ರಿ ಬ್ಯಾನಿ ಇದ್ದವರು ಮಾತ್ರ ಲೆಕ್ಕ ಇಟ್ಟೇ ತಿನ್ಬೇಕು, ಪಿಷ್ಟ ಇದರಾಗೂ ಸಾಕಷ್ಟದ. ಕೆಲವರಿಗಿ ಕುಟ್ಟು ಜೋರಾಗೇ ಅಲರ್ಜಿ ಆಗ್ತದ, ಮೊದಲು ಚೂರೇ ಕೊಟ್ಟು ನೋಡ್ರಿ.

ನಮ್ಮ ಬ್ಯಾಸಿಗಿಗಿ ಹಿಟ್ಟು ಲಗೂನ ಕೆಡ್ತದ, ಫ್ರಿಜ್ಜಿನಾಗ ಇಡ್ರಿ. ಹಳೆ ಎಣ್ಣಿ ವಾಸನಿ ಬಂದ್ರ ಚೆಲ್ಲಿಬಿಡ್ರಿ. ಕೆಟ್ಟ ಕುಟ್ಟು ಹಿಟ್ಟು ತಿಂದು ಜನ ದವಾಖಾನಿ ಸೇರಿದ್ದು ದಿಲ್ಲಿ ಕಡೆ ಆಗ್ಯದ.

ಬೀದರಿಂದಲೇ ಇನ್ನೊಬ್ಬರು:
ನನ್ನ ಮಗನಿಗೂ ಇದೇ ತ್ರಾಸು ಅದ, ಅದಕ್ಕ ಹೇಳ್ತೀನಿ ವೈನಿ, ರೊಟ್ಟಿಗಿಂತ ಮೊದಲು ಗಿರಣಿ ನೋಡ್ರಿ. ಗೋಧಿ ಬೀಸಿದ ಕಲ್ಲಿನಾಗೇ ನಿಮ್ಮ ಜ್ವಾಳ ಬಿದ್ರ ಗೋಧಿ ಹಿಟ್ಟು ಕೂಡೇ ಬರ್ತದ, ಆ ಕೂಸಿಗಿ ಅಷ್ಟೇ ಸಾಕು ಹೊಟ್ಟಿ ಕೆಡ್ಲಾಕ. ನಾವು ಮನ್ಯಾಗೇ ಬೀಸ್ತೀವಿ. ಕುಟ್ಟಿನ ಪ್ಯಾಕೆಟ್ ಮ್ಯಾಲ ಗ್ಲುಟೆನ್ ಇಲ್ಲ ಅಂತ ಬರ್ದದೇನು ನೋಡ್ರಿ, ಬಿಡಿ ಹಿಟ್ಟಾದ್ರ ಕೊಡಬ್ಯಾಡ್ರಿ. ಇನ್ನ ಒಗ್ಗರಣಿ ಹಿಂಗು: ಭಾಳ ಡಬ್ಬಿಗಳಾಗ ಗೋಧಿ ಹಿಟ್ಟೋ ಮೈದಾನೋ ಬೆರಸಿರ್ತಾರ. ಅಕ್ಕಿ ಹಿಟ್ಟು ಹಾಕಿದ ಹಿಂಗೂ ಸಿಗ್ತದ, ಓದಿ ತಗೋರಿ.